ಬಾಗಿಲ ಆಚೆಯ ನಾಲ್ವರು

ಒಂದು ಮಲಗುವ ಕೋಣೆ. ಅದರೊಳಗೆ ನಾಲ್ಕು ಜನ ಸಿಕ್ಕಿಕೊಂಡಿದ್ದಾರೆ. ಹೊರಗಿನಿಂದ ಯಾರೂ ಚಿಲಕ ಹಾಕಿಲ್ಲ, ಬಾಗಿಲು ತೆಗೆದು ಬರಬಹುದು. ಆದರೆ ಬರುವಂತಿಲ್ಲ. ಆಚೆ ಹಾಲಿನಲ್ಲಿ ಅವರದೇ ಇಬ್ಬರು ಗೆಳೆಯರು ಬೇರೆಯಾಗುತ್ತಿದ್ದಾರೆ. ರಾತ್ರಿ ಸರಿಯುತ್ತದೆ, ಹೊಟ್ಟೆ ಹಸಿಯುತ್ತದೆ. ಕೋಣೆಯಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಕಾಲಿನ ಕೂದಲು ತೆಗೆಯಲು ತಂದಿಟ್ಟ ಮೇಣವೊಂದಿದೆ. ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತಾರೆ.

'ಫ್ರೆಂಡ್ಸ್' ಧಾರಾವಾಹಿಯ 236 ಕಂತುಗಳಲ್ಲಿ ಈ ಒಂದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೂರನೇ ಸೀಸನ್ನಿನದು, 1997ರ ಫೆಬ್ರವರಿ 20ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂತು. ಆಚೆ ನಿಂತು ಕಣ್ಣೀರು ಹಾಕುತ್ತಿರುವವರು ರಾಸ್ ಮತ್ತು ರೇಚಲ್. ಒಳಗೆ ಕೂತವರು ಮೋನಿಕಾ, ಚಾಂಡ್ಲರ್, ಜೋಯಿ, ಫೀಬಿ. ನೋಡಿದವರೆಲ್ಲ ಅದನ್ನು ರಾಸ್ ಮತ್ತು ರೇಚಲ್‌ರ ರಾತ್ರಿ ಎಂದೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದು ಮೇಣ ತಿಂದ ನಾಲ್ವರ ರಾತ್ರಿ. ಗೆಳೆಯರ ಗುಂಪಿನೊಳಗೆ ಇಬ್ಬರು ಪ್ರೀತಿಸಿದರೆ ಆ ಪ್ರೀತಿ ಅವರಿಬ್ಬರಿಗೆ ಮಾತ್ರ ಸೇರಿದ್ದಲ್ಲ, ಅದರ ಖರ್ಚಿನಲ್ಲಿ ಉಳಿದವರ ಪಾಲೂ ಇರುತ್ತದೆ ಎಂಬುದನ್ನು ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ಕತೆಯನ್ನು ನಾನು ಟಿವಿಯಲ್ಲಿ ನೋಡಿಲ್ಲ. ಹಾಗೆ ಪಾಲು ಕೊಟ್ಟ ನಾಲ್ವರಲ್ಲಿ ನಾನೂ ಒಬ್ಬಳು. ಅದಕ್ಕೇ ಹೀಗನ್ನಿಸುತ್ತದೋ ಏನೋ.

2004ರಲ್ಲಿ ಸಾಗರದಿಂದ ಬೆಂಗಳೂರಿಗೆ ಬಂದು ಒಂದು ಕಾಲ್ ಸೆಂಟರ್ ಸೇರಿದೆ. ಜೀವನ್‌ಬಿಮಾ ನಗರದ ಒಂದು ಮನೆ. ಕೆಳಗೆ ಓನರ್, ಮೊದಲ ಮಹಡಿಯಲ್ಲಿ ನಾವು ಮೂವರು ಹುಡುಗಿಯರು, ತಾರಸಿ ಮೇಲಿನ ರೂಮಿನಲ್ಲಿ ಮೂವರು ಹುಡುಗರು. ಆರೂ ಜನರಿಗೆ ಒಂದೇ ಕಂಪನಿ, ಒಂದೇ ನೈಟ್ ಶಿಫ್ಟು, ಒಂದೇ ಕ್ಯಾಬು. ಅಮೆರಿಕದವರ ಇಂಗ್ಲಿಷ್ ಕಿವಿಗೆ ಹತ್ತಲಿ ಎಂದು ಟ್ರೈನಿಂಗಿನಲ್ಲಿ 'ಫ್ರೆಂಡ್ಸ್' ತೋರಿಸುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ವಾರ ಅರ್ಥವಾದದ್ದು ಅವರ ಮುಖಗಳು ಮಾತ್ರ. ಆಮೇಲೆ ಹುಡುಗರು ಗಾಂಧಿನಗರದಿಂದ ಸೀಡಿ ತಂದರು. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು, ಮೊಸರನ್ನ ತಿಂದು, ಪರದೆ ಎಳೆದು, ಒಂದೇ ಕಂಪ್ಯೂಟರಿನ ಮುಂದೆ ಆರು ಜನ ಕೂತು ಮೊದಲ ಸೀಸನ್ನಿನಿಂದ ನೋಡುತ್ತಾ ಹೋದೆವು. ಅಷ್ಟರಲ್ಲಿ ಅಮೆರಿಕದಲ್ಲಿ ಅದು ಮುಗಿದೇ ಹೋಗಿತ್ತು. 1994ರ ಸೆಪ್ಟೆಂಬರ್ 22ರಂದು ಶುರುವಾದದ್ದು 2004ರ ಮೇ 6ಕ್ಕೆ ಕೊನೆಯಾಗಿತ್ತು. ಕೊನೆಯ ಕಂತನ್ನು ಅಲ್ಲಿ ಐದು ಕೋಟಿಗೂ ಹೆಚ್ಚು ಜನ ನೋಡಿದ್ದರು.

ಮರುವರ್ಷ ಅಮ್ಮ ಬಂದು ಹತ್ತು ದಿನ ನಮ್ಮ ಜೊತೆ ಇದ್ದಳು. ಮಾತು ಅರ್ಥವಾಗದಿದ್ದರೂ ಹಿಂದೆ ಕೂತು ನೋಡುತ್ತಿದ್ದಳು. ಮೂರನೇ ದಿನ ಕೇಳಿದಳು: "ಅಲ್ದೇ, ಇವರ ಮನೆ ಬಾಗಿಲಿಗೆ ಚಿಲಕವೇ ಇಲ್ಲವಾ? ಯಾರು ಬೇಕಾದರೂ ಒಳಗೆ ಬರ್ತಾರಲ್ಲ." ಅಮ್ಮ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಳು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಆ ಮಹಡಿಯಲ್ಲಿ ಎದುರುಬದುರು ಎರಡು ಮನೆ. ಒಂದು ಮೋನಿಕಾಳದ್ದು, ಇನ್ನೊಂದು ಚಾಂಡ್ಲರ್ ಮತ್ತು ಜೋಯಿಯದ್ದು. ಯಾರೂ ಬಾಗಿಲು ತಟ್ಟುವುದಿಲ್ಲ. ಬರುತ್ತಾರೆ, ಫ್ರಿಜ್ ತೆಗೆಯುತ್ತಾರೆ, ತಿನ್ನುತ್ತಾರೆ. ನಮ್ಮ ಕನ್ನಡದ ಧಾರಾವಾಹಿಗಳಲ್ಲಿ ಮನೆ ಅಂದರೆ ಅತ್ತೆ, ಮಾವ, ಓರಗಿತ್ತಿಯರು. ಇಲ್ಲಿ ಆ ಜಾಗದಲ್ಲಿ ಗೆಳೆಯರಿದ್ದಾರೆ. ಬಾಗಿಲು ತಟ್ಟದೆ ಬರುವ ಸಲುಗೆ ಇದ್ದಲ್ಲಿ ಒಂದಲ್ಲ ಒಂದು ದಿನ ಇಬ್ಬರು ಒಬ್ಬರನ್ನೊಬ್ಬರು ಬೇರೆ ಕಣ್ಣಿನಿಂದ ನೋಡುತ್ತಾರೆ. ಆಗ ಅದೇ ಬಾಗಿಲು ಎಲ್ಲರಿಗೂ ತೊಡಕಾಗುತ್ತದೆ.

ರಾಸ್‌ಗೆ ರೇಚಲ್ ಮೇಲೆ ಹೈಸ್ಕೂಲಿನ ದಿನದಿಂದಲೂ ಆಸೆ. ಅವಳು ತಂಗಿ ಮೋನಿಕಾಳ ಗೆಳತಿ. ಮೊದಲ ಕಂತಿನಲ್ಲೇ, ಮದುವೆ ಮುರಿದುಕೊಂಡು ಮದುಮಗಳ ಬಿಳಿ ಗೌನಿನಲ್ಲೇ ಸೆಂಟ್ರಲ್ ಪರ್ಕ್ ಕಾಫಿ ಅಂಗಡಿಯೊಳಗೆ ಓಡಿ ಬರುತ್ತಾಳೆ ರೇಚಲ್. ರಾಸ್ ಆಗಷ್ಟೇ ಹೆಂಡತಿಯಿಂದ ಬೇರೆಯಾಗಿದ್ದಾನೆ. ಅವನು ಬಾಯಿ ಬಿಡುವುದಿಲ್ಲ. ಗುಟ್ಟು ಕೊನೆಗೆ ರೇಚಲ್‌ಗೆ ಗೊತ್ತಾಗುವುದು ಚಾಂಡ್ಲರ್ ಬಾಯಿತಪ್ಪಿ ಆಡಿದ ಒಂದು ಮಾತಿನಿಂದ. ಗಮನಿಸಿ, ಶುರುವಿನಲ್ಲೇ ಮೂರನೆಯವನೊಬ್ಬನ ನಾಲಿಗೆ ಬೇಕಾಯಿತು.

ಇದು ಬರೆಯುವವರ ಜಾಣ್ಮೆಯೂ ಹೌದು. ವರ್ಷಗಟ್ಟಲೆ ನಡೆಯುವ ಸಿಟ್‌ಕಾಮಿನಲ್ಲಿ ಪ್ರೀತಿ ಬೇಗ ಕೈಗೂಡಿದರೆ ಕತೆಯ ಗಾಳಿ ಇಳಿದುಹೋಗುತ್ತದೆ. ಇದೇ ಎನ್‌ಬಿಸಿಯಲ್ಲಿ 1982ರಿಂದ 11 ವರ್ಷ ನಡೆದ 'ಚಿಯರ್ಸ್'ನಲ್ಲಿ ಸ್ಯಾಮ್ ಮತ್ತು ಡಯಾನ್‌ರನ್ನು ಹೀಗೆಯೇ ಸೇರಿಸಿ, ಬೇರೆ ಮಾಡಿ, ಮತ್ತೆ ಸೇರಿಸಿ ನಡೆಸಿದ್ದರು. 'ಫ್ರೇಜರ್'ನ ನೈಲ್ಸ್ ಡ್ಯಾಫ್ನಿಗಾಗಿ ಏಳು ಸೀಸನ್ ಕಾದ. ಡೇವಿಡ್ ಕ್ರೇನ್ ಮತ್ತು ಮಾರ್ಟಾ ಕಾಫ್‌ಮನ್ 'ಫ್ರೆಂಡ್ಸ್' ಬರೆಯಲು ಕೂತಾಗ ಈ ದಾರಿ ಮೊದಲೇ ಸವೆದಿತ್ತು. ಅವರು ಹೊಸದಾಗಿ ಮಾಡಿದ್ದೆಂದರೆ ಪ್ರೇಮಿಗಳ ಸುತ್ತ ನಾಲ್ಕು ಜನರನ್ನು ಕೂರಿಸಿ, ಅವರಿಗೂ ಅಷ್ಟೇ ತೂಕ ಕೊಟ್ಟದ್ದು.

ಎರಡನೇ ಸೀಸನ್ನಿನ ಎರಡು ಮುತ್ತುಗಳನ್ನೇ ನೋಡಿ. ಮೊದಲನೆಯದು ರಾತ್ರಿ, ಕಾಫಿ ಅಂಗಡಿ ಮುಚ್ಚುವ ಹೊತ್ತು, ಹೊರಗೆ ಮಳೆ, ಇಬ್ಬರೇ ಇದ್ದಾರೆ. ಸಿನಿಮಾದಲ್ಲಾದರೆ ಅಲ್ಲಿಗೆ ಶುಭಂ. ಇಲ್ಲಿ ಮರುದಿನವೇ ರಾಸ್ ಗೆಳೆಯರ ಸಲಹೆ ಕೇಳುತ್ತಾನೆ. ಚಾಂಡ್ಲರ್, ಜೋಯಿ ಸೇರಿ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿಸುತ್ತಾರೆ: ರೇಚಲ್‌ಳ ಒಳ್ಳೆಯದೇನು, ಕೊರತೆಗಳೇನು. ಆ ಕಾಗದ ಅವಳ ಕಣ್ಣಿಗೆ ಬೀಳುತ್ತದೆ, ಎಲ್ಲ ಮುಗಿಯುತ್ತದೆ. ಎರಡನೆಯ ಮುತ್ತು 1996ರ ಫೆಬ್ರವರಿಯ ಕಂತಿನದು. ಮೋನಿಕಾಳ ಮನೆಯಲ್ಲಿ ಆರೂ ಜನ ಕೂತು ಹಳೆಯ ವಿಡಿಯೋ ಕ್ಯಾಸೆಟ್ ನೋಡುತ್ತಿದ್ದಾರೆ. ಹೈಸ್ಕೂಲಿನ ನೃತ್ಯಕೂಟಕ್ಕೆ ರೇಚಲ್‌ಳನ್ನು ಕರೆದೊಯ್ಯುವವನು ಬರಲಿಲ್ಲ ಎಂದು ರಾಸ್ ಅಪ್ಪನ ಸೂಟು ತೊಟ್ಟು, ಹೂ ಹಿಡಿದು ಮೆಟ್ಟಿಲಿಳಿದು ಬರುತ್ತಾನೆ. ಅಷ್ಟರಲ್ಲಿ ಬರಬೇಕಾದವನು ಬಂದು ಅವಳನ್ನು ಕರೆದುಕೊಂಡು ಹೋಗಿಬಿಟ್ಟಿರುತ್ತಾನೆ. ಇದು ರೇಚಲ್‌ಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಟೇಪು ನಿಂತ ಮೇಲೆ ಅವಳು ಎದ್ದು, ಎಲ್ಲರ ಎದುರಿಗೇ, ಆ ಕೋಣೆಯನ್ನು ದಾಟಿ ಬಾಗಿಲ ಬಳಿ ನಿಂತ ರಾಸ್‌ನ ಹತ್ತಿರ ಹೋಗುತ್ತಾಳೆ. ಇಬ್ಬರೇ ಇದ್ದಾಗಿನ ಮುತ್ತು ಒಂದು ದಿನವೂ ಬಾಳಲಿಲ್ಲ. ನಾಲ್ವರ ಮುಂದೆ ಕೊಟ್ಟದ್ದು ಒಂದು ವರ್ಷ ಬಾಳಿತು. ನಮ್ಮಲ್ಲಿ ಮದುವೆಗೆ ಅಗ್ನಿಸಾಕ್ಷಿ ಅನ್ನುತ್ತೇವೆ. ಗುಂಪಿನೊಳಗಿನ ಪ್ರೀತಿಗೆ ಗುಂಪೇ ಸಾಕ್ಷಿ, ಅದೇ ಬೆಂಕಿಯೂ ಹೌದು.

ಆಮೇಲೆ 1997ರ ಆ ಫೆಬ್ರವರಿ. ವಾರ್ಷಿಕೋತ್ಸವದ ರಾತ್ರಿ ರೇಚಲ್‌ಗೆ ಆಫೀಸಿನಲ್ಲಿ ತಲೆ ಎತ್ತಲಾಗದಷ್ಟು ಕೆಲಸ. ರಾಸ್ ಊಟದ ಬುಟ್ಟಿ ಹೊತ್ತುಕೊಂಡು ಅಲ್ಲಿಗೇ ಹೋಗುತ್ತಾನೆ. ಜಗಳವಾಗುತ್ತದೆ. ಸ್ವಲ್ಪ ದಿನ ಬಿಡುವು ತೆಗೆದುಕೊಳ್ಳೋಣ ಎನ್ನುತ್ತಾಳೆ. ಅದೇ ರಾತ್ರಿ ಅವನು ಜೆರಾಕ್ಸ್ ಅಂಗಡಿಯ ಹುಡುಗಿ ಕ್ಲೋಯಿಯ ಜೊತೆ ಮಲಗುತ್ತಾನೆ. ಬೆಳಿಗ್ಗೆ ರೇಚಲ್ ರಾಜಿಯಾಗಲು ಬಂದಾಗ ಅವನಿಗೆ ಭೂಮಿ ಬಾಯಿಬಿಡುತ್ತದೆ. ಸುದ್ದಿ ಅವಳ ಕಿವಿಗೆ ಬೀಳದಂತೆ ತಡೆಯಲು ಓಡುತ್ತಾನೆ. ಕ್ಲೋಯಿ ತನ್ನ ಜೊತೆ ಕೆಲಸ ಮಾಡುವವನಿಗೆ ಹೇಳಿದ್ದಾಳೆ, ಅವನು ತನ್ನ ಸೋದರಿಗೆ, ಆ ಸೋದರಿ ಫೀಬಿಯ ಜೊತೆ ಮಸಾಜ್ ಕೆಲಸ ಮಾಡುವವಳು, ಅವಳ ರೂಮ್‌ಮೇಟು ಕಾಫಿ ಅಂಗಡಿಯ ಗಂಥರ್. ಗಂಥರ್‌ಗೆ ರೇಚಲ್ ಮೇಲೆ ಮೊದಲಿಂದಲೂ ಮನಸ್ಸು. ರಾಸ್ ಅಲ್ಲಿಗೆ ತಲುಪುವಷ್ಟರಲ್ಲಿ ಅವನು ಹೇಳಿಬಿಟ್ಟಿರುತ್ತಾನೆ.

ಆ ಬಿಡುವಿನಲ್ಲಿ ರಾಸ್ ಮಾಡಿದ್ದು ತಪ್ಪೋ ಅಲ್ಲವೋ ಎಂದು ಈಗಲೂ ಜನ ವಾದಿಸುತ್ತಾರೆ. ನನ್ನ ತೀರ್ಮಾನ ಇಷ್ಟು: ತಪ್ಪು. ಬಿಡುವು ಎಂಬ ಮಾತಿಗೆ ಏನರ್ಥ ಎಂದು ತಿಳಿಯಲು ಅವನಿಗೆ ಒಂದು ಬೆಳಗಾಗುವಷ್ಟು ತಾಳ್ಮೆ ಬೇಕಿತ್ತು. ಆದರೆ ಆ ವಾದದಲ್ಲಿ ಮುಳುಗಿದವರು ಮುಂದಿನ ಕಂತನ್ನು ಮರೆತೇಬಿಡುತ್ತಾರೆ. ನನಗೆ ಬೇಕಾದದ್ದೆಲ್ಲ ಇರುವುದು ಅಲ್ಲಿ. ರೇಚಲ್ ಎಲ್ಲರನ್ನೂ ಹಿಮದಲ್ಲಿ ಸ್ಕೀ ಮಾಡಲು ಕರೆಯುತ್ತಾಳೆ, ರಾಸ್‌ನನ್ನು ಬಿಟ್ಟು. ಹೋದರೆ ಅವನಿಗೆ ದ್ರೋಹ, ಹೋಗದಿದ್ದರೆ ಇವಳಿಗೆ. ಹೋಗುತ್ತಾರೆ. ನಡುದಾರಿಯಲ್ಲಿ ಫೀಬಿಯ ಕಾರು ಕೈಕೊಟ್ಟು, ಚಳಿಯಲ್ಲಿ ನಿಲ್ಲುತ್ತಾರೆ. ಸಹಾಯಕ್ಕೆ ಕರೆಯಲು ಇನ್ಯಾರಿದ್ದಾರೆ? ರಾಸ್‌ಗೇ ಫೋನ್ ಮಾಡಬೇಕಾಗುತ್ತದೆ. ಅವನು ಬರುತ್ತಾನೆ. ಆ ಕಂತಿನುದ್ದಕ್ಕೂ ಚಾಂಡ್ಲರ್ ಬಿಟ್ಟಿದ್ದ ಸಿಗರೇಟನ್ನು ಮತ್ತೆ ಹಚ್ಚಿಕೊಂಡಿರುತ್ತಾನೆ. ಅವನ ಅಪ್ಪ ಅಮ್ಮ ಬೇರೆಯಾದದ್ದು ಅವನು ಒಂಬತ್ತು ವರ್ಷದವನಿದ್ದಾಗ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ದಿನ. ಈಗ ಗೆಳೆಯರ ಬೇರ್ಪಡೆ ಅವನನ್ನು ಆ ಊಟದ ಮೇಜಿಗೇ ವಾಪಸು ಕರೆದೊಯ್ದಿದೆ.

ನಮ್ಮ ಮನೆಯಲ್ಲೂ ಇಬ್ಬರು ಪ್ರೀತಿಸಿದ್ದರು. ಧಾರವಾಡದ ಹುಡುಗಿ, ಕುಂದಾಪುರದ ಹುಡುಗ. ಹೆಸರು ಬರೆಯುವುದಿಲ್ಲ, ಆಗಲೂ ನಾವು ಅವರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. 2006ರ ಒಂದು ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ಅವರ ಮಾತು ಏರಿತು. ನಾವು ನಾಲ್ವರು ಅಡುಗೆಮನೆಯಲ್ಲಿದ್ದೆವು. ನಾಲ್ಕಡಿ ಅಗಲದ ಅಡುಗೆಮನೆ, ಹೊರಗೆ ಹೋಗಲು ಹಾಲನ್ನೇ ದಾಟಬೇಕು. ಯಾರೂ ಅಲುಗಲಿಲ್ಲ. ಪಲ್ಯಕ್ಕೆಂದು ಬೀನ್ಸ್ ಹೆಚ್ಚುತ್ತಿದ್ದೆ. ಮಾತು ನಿಲ್ಲಲಿಲ್ಲ, ನಾನೂ ಕೈ ನಿಲ್ಲಿಸಲಿಲ್ಲ. ನಮ್ಮ ನಾಲ್ವರಲ್ಲಿ ತುಮಕೂರಿನವನು ಇನ್ನೊಂದು ಚಾಕು ತೆಗೆದುಕೊಂಡ. ವಾರಕ್ಕೆಂದು ತಂದಿದ್ದ ಒಂದೂವರೆ ಕಿಲೋ ಬೀನ್ಸ್ ಪೂರ್ತಿ ಹೆಚ್ಚಿಯಾಯಿತು. ಅವರು ಏನಂದುಕೊಂಡರು ಎಂಬುದು ನಮ್ಮೆಲ್ಲರಿಗೂ ಕೇಳಿಸಿತು. ಅದನ್ನೂ ಬರೆಯುವುದಿಲ್ಲ, ಅದು ಅವರದು. ಕೊನೆಗೆ ತಾರಸಿಯ ಮೆಟ್ಟಿಲು ಹತ್ತುವ ಸಪ್ಪಳ, ಆಮೇಲೆ ಬಚ್ಚಲ ಬಾಗಿಲು ಹಾಕಿಕೊಂಡ ಸಪ್ಪಳ. ಮೂರು ದಿನ ಬೀನ್ಸ್ ಪಲ್ಯ ತಿಂದೆವು.

ಆಗ ಶುರುವಾಯಿತು ನಮ್ಮ ಸ್ಕೀ ಪ್ರವಾಸ. ಸಿನಿಮಾಕ್ಕೆ ಅವಳನ್ನು ಕರೆದರೆ ಊಟಕ್ಕೆ ಅವನನ್ನು. ಒಬ್ಬರ ಹುಟ್ಟುಹಬ್ಬಕ್ಕೆ ಎರಡು ಕೇಕು. ಕ್ಯಾಬಿನಲ್ಲಿ ಅವಳು ಮುಂದೆ, ಅವನು ಹಿಂದೆ, ನಡುವೆ ನಾವು. ಮೈಸೂರಿನ ಗೆಳತಿ ಒಂದು ದಿನ, "ನಂಗೆ ಸಾಕಾಯ್ತು ಕಣೆ, ನಾನೇನು ತಪ್ಪು ಮಾಡ್ದೆ?" ಎಂದು ಅತ್ತಳು. ಪ್ರೀತಿ ಮುರಿದಾಗ ಸಮಾಧಾನ ಹೇಳುವವರು ಪ್ರೇಮಿಗಳ ಹತ್ತಿರ ಬರುತ್ತಾರೆ. ಪಕ್ಕದಲ್ಲಿ ನಿಂತು ಕಳೆದುಕೊಂಡವರ ಹತ್ತಿರ ಯಾರೂ ಬರುವುದಿಲ್ಲ. ಅವರು ಕಳೆದುಕೊಂಡದ್ದಕ್ಕೆ ಒಂದು ಹೆಸರೂ ಇಲ್ಲ. ಆ ಕಂತನ್ನು ಮತ್ತೆ ಹಾಕಿ ನೋಡಿದ್ದು ಆಗಲೇ. ಮೊದಲ ಸಲ ನೋಡಿದಾಗ ಮೇಣ ತಿನ್ನುವುದಕ್ಕೆ ನಕ್ಕಿದ್ದೆವು.

ಮೋನಿಕಾ ಮತ್ತು ಚಾಂಡ್ಲರ್ ಕತೆಗೆ ಬರುತ್ತೇನೆ. ಈ ಧಾರಾವಾಹಿಯ ನಿಜವಾದ ಪ್ರೇಮಕತೆ ಇವರದೇ ಎಂದು ನನ್ನ ನಂಬಿಕೆ. ವಿಚಿತ್ರವೆಂದರೆ ಬರೆದವರಿಗೇ ಅದು ಮೊದಲು ತಿಳಿದಿರಲಿಲ್ಲ. 1998ರಲ್ಲಿ ನಾಲ್ಕನೇ ಸೀಸನ್ನಿನ ಕೊನೆಯ ಕಂತುಗಳ ಚಿತ್ರೀಕರಣಕ್ಕೆ ತಂಡ ಲಂಡನ್ನಿಗೆ ಹೋಯಿತು. ಕತೆಯಲ್ಲಿ ರಾಸ್‌ಗೆ ಅಲ್ಲಿ ಎಮಿಲಿಯ ಜೊತೆ ಮದುವೆ. ಹಿಂದಿನ ರಾತ್ರಿ, ಮನಸ್ಸು ಕೆಟ್ಟು ಕೂತ ಮೋನಿಕಾ ಮತ್ತು ಚಾಂಡ್ಲರ್ ಒಟ್ಟಿಗೆ ರಾತ್ರಿ ಕಳೆಯುತ್ತಾರೆ. ಬೆಳಿಗ್ಗೆ ಚಾಂಡ್ಲರ್‌ನ ಹೊದಿಕೆಯ ಅಡಿಯಿಂದ ಮೋನಿಕಾ ತಲೆ ಎತ್ತಿದಾಗ, ಸ್ಟುಡಿಯೋದಲ್ಲಿ ಕೂತಿದ್ದ ಪ್ರೇಕ್ಷಕರು ಹಾಕಿದ ಕೂಗು ನಿಲ್ಲಲೇ ಇಲ್ಲ. ಅದೊಂದು ರಾತ್ರಿಗೆ ಮುಗಿಯುವ ತಮಾಷೆ ಎಂದುಕೊಂಡಿದ್ದ ಬರಹಗಾರರು, ಆ ಕೂಗು ಕೇಳಿದ ಮೇಲೆ ದಾರಿ ಬದಲಿಸಿದರು. ಈ ಬಗೆಯ ಸಿಟ್‌ಕಾಮನ್ನು ಜನರ ಎದುರಿಗೇ ನಾಟಕದಂತೆ ಆಡಿಸುತ್ತಾರೆ, ಹಲವು ಕ್ಯಾಮೆರಾ ಒಟ್ಟಿಗೆ ಓಡುತ್ತಿರುತ್ತವೆ. ಹಾಗಾಗಿ ನೋಡುವವರ ಉಸಿರು ಬರೆಯುವವರಿಗೆ ಅಲ್ಲೇ ಕೇಳುತ್ತದೆ. ನಾಲ್ಕು ವರ್ಷ ಗೆಳೆಯರಾಗಿ ನೋಡಿದ ಇಬ್ಬರು ಒಂದಾಗಬಹುದು ಎಂಬುದು ಆ ಜನಕ್ಕೆ ಬರಹಗಾರರಿಗಿಂತ ಮುಂಚೆ ಹೊಳೆದಿತ್ತು.

ರಾಸ್ ರೇಚಲ್‌ಳನ್ನು ಪ್ರೀತಿಸಿದ್ದು ದೂರದಿಂದ. ಅವಳ ಒಂದು ಚಿತ್ರ ಅವನೊಳಗಿತ್ತು, ನಿಜದ ರೇಚಲ್ ಅದರಾಚೆ ಕಾಲಿಟ್ಟು ದುಡಿಯಲು ಹೊರಟಾಗ ಅವನಿಗೆ ಭಯವಾಯಿತು. ಚಾಂಡ್ಲರ್‌ಗೆ ಮೋನಿಕಾಳ ಶಿಸ್ತು, ಸಿಟ್ಟು, ಗೆಲ್ಲಲೇಬೇಕೆಂಬ ಹಟ, ತಾಯಿಯ ಕೊಂಕಿಗೆ ಅವಳು ಕುಗ್ಗುವ ರೀತಿ, ತನ್ನದೊಂದು ಮಗು ಬೇಕೆಂಬ ಹಂಬಲ ಎಲ್ಲವೂ ಮೊದಲೇ ಗೊತ್ತು. ಆ ಹಂಬಲಕ್ಕಾಗಿಯೇ ಅವಳು ತನ್ನ ಪ್ರೇಮಿ ರಿಚರ್ಡ್‌ನನ್ನು ಬಿಟ್ಟು ಅತ್ತಾಗಲೂ ಅವನು ಎದುರುಮನೆಯಲ್ಲೇ ಇದ್ದ. ಅವಳಿಗೂ ಅವನ ಹೆದರಿಕೆಗಳೆಲ್ಲ ಗೊತ್ತು. ಮದುವೆಯ ಮಾತೆತ್ತಿದರೆ ಓಡುವವನು ಎಂದು ತಿಳಿದೇ ಅವಳು ಕೈ ಹಿಡಿದಳು.

ಅವರ ಪ್ರೀತಿಯ ಶ್ರೇಷ್ಠ ಪಾತ್ರ ಮಾತ್ರ ಜೋಯಿ. ಹೋಟೆಲಿನಲ್ಲಿ ಮರೆತುಬಂದ ಒಂದು ಕಣ್ರೆಪ್ಪೆಯ ಸಾಧನದಿಂದ ಗುಟ್ಟು ಮೊದಲು ಗೊತ್ತಾಗುವುದು ಅವನಿಗೆ. ಗುಟ್ಟು ಕಾಯುವುದು ಜೋಯಿಯ ಸ್ವಭಾವಕ್ಕೇ ಒಗ್ಗದ ಕೆಲಸ. ಆದರೂ ಕಾಯುತ್ತಾನೆ. ಸಿಕ್ಕ ಒಳಚಡ್ಡಿ ತನ್ನದೆನ್ನುತ್ತಾನೆ, ವಿಡಿಯೋ ಕ್ಯಾಮೆರಾ ತನ್ನದೆನ್ನುತ್ತಾನೆ, ಮರ್ಯಾದೆಯನ್ನು ಒಂದೊಂದಾಗಿ ಕಳಚಿ ಕೊಡುತ್ತಾನೆ. ಹುಡುಗಿಯರು ಅವನನ್ನು ಅಸಹ್ಯದಿಂದ ನೋಡಿದರೂ ಬಾಯಿ ಬಿಡುವುದಿಲ್ಲ. ಗೆಳೆತನದ ಬಗ್ಗೆ ಎಷ್ಟೋ ಸುಭಾಷಿತ ಓದಿದ್ದೇನೆ. ಗೆಳೆಯನ ಪ್ರೀತಿಗೆ ನೆರಳಾಗಲು ತನ್ನ ಮಾನವನ್ನೇ ಕೊಡುವ ಇಂಥವನನ್ನು ನೋಡಿದ್ದು ಕಡಿಮೆ.

1999ರ ಫೆಬ್ರವರಿಯ ಕಂತಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಚಾಂಡ್ಲರ್ ಬಾಯಿ ಬಿಡಲಿ ಎಂದು ಫೀಬಿ ಅವನಿಗೆ ಮನಸೋತವಳಂತೆ ನಟಿಸುತ್ತಾಳೆ. ಅವನೂ ಬಿಟ್ಟುಕೊಡದೆ ನಟಿಸುತ್ತಾನೆ. ಮೋನಿಕಾ ಬಚ್ಚಲ ಬಾಗಿಲ ಹಿಂದೆ, ಜೋಯಿ ಮತ್ತು ರೇಚಲ್ ಮನೆಯ ಹೊರಬಾಗಿಲ ಹಿಂದೆ. ನಟನೆ ಮಿತಿ ಮುಟ್ಟಿದಾಗ ಚಾಂಡ್ಲರ್ ಸೋತು, ತಾನು ಮೋನಿಕಾಳನ್ನು ಪ್ರೀತಿಸುತ್ತೇನೆ ಎಂದುಬಿಡುತ್ತಾನೆ. ಅವಳಿಗೂ ಆ ಮಾತು ಹಾಗೆ ಕೇಳಿಸಿದ್ದು ಆಗಲೇ. ನೋಡಿ, ಮತ್ತೆ ಬಾಗಿಲು, ಮತ್ತೆ ಅದರ ಹಿಂದೆ ಕಿವಿಗೊಟ್ಟ ಗೆಳೆಯರು. ಎರಡು ವರ್ಷದ ಹಿಂದೆ ಮೇಣ ತಿನ್ನಿಸಿದ ಬಾಗಿಲು ಈ ಸಲ ತೆರೆಯಿತು. ಆರನೇ ಸೀಸನ್ನಿನ ಕೊನೆಯಲ್ಲಿ ಮೇಣದಬತ್ತಿಗಳ ನಡುವೆ ಮೋನಿಕಾ ಮಂಡಿಯೂರಿ ಮದುವೆಯ ಮಾತೆತ್ತಿ, ಅಳು ಉಕ್ಕಿ ಅರ್ಧಕ್ಕೇ ನಿಲ್ಲಿಸಿದಾಗ, ಚಾಂಡ್ಲರ್ ಎದುರಿಗೇ ಮಂಡಿಯೂರಿ ಅದನ್ನು ಪೂರ್ತಿ ಮಾಡುತ್ತಾನೆ. ಆಗಲೂ ಬಾಗಿಲಾಚೆ ಜೋಯಿ, ಫೀಬಿ, ರೇಚಲ್. ಮರುವರ್ಷ ಅವರ ಮದುವೆ ಮಾಡಿಸಿದ್ದು ಪಾದ್ರಿಯಲ್ಲ, ಇಂಟರ್ನೆಟ್ಟಿನಲ್ಲಿ ಪೌರೋಹಿತ್ಯದ ಅಧಿಕಾರ ಪಡೆದ ಜೋಯಿ.

ಗೆಳೆಯರ ನಡುವಿನ ಅಪರಾಧವನ್ನೂ ಇವರು ಬಿಡಲಿಲ್ಲ. ನಾಲ್ಕನೇ ಸೀಸನ್ನಿನಲ್ಲಿ ಚಾಂಡ್ಲರ್ ಜೋಯಿಯ ಹುಡುಗಿ ಕ್ಯಾಥಿಗೆ ಮುತ್ತು ಕೊಟ್ಟುಬಿಡುತ್ತಾನೆ. ಪ್ರಾಯಶ್ಚಿತ್ತಕ್ಕೆ ಥ್ಯಾಂಕ್ಸ್‌ಗಿವಿಂಗ್ ದಿನ ಒಂದು ಮರದ ಪೆಟ್ಟಿಗೆಯೊಳಗೆ ಮಲಗುತ್ತಾನೆ, ಮಾತಾಡದೆ. ಉಳಿದವರು ಪಕ್ಕದಲ್ಲೇ ಊಟ ಮಾಡುತ್ತಾರೆ. ಕ್ಯಾಥಿ ಬಂದು, ಇಬ್ಬರು ಗೆಳೆಯರ ನಡುವೆ ಬರಲಾರೆನೆಂದು ಪೆಟ್ಟಿಗೆಗೇ ವಿದಾಯ ಹೇಳಿದಾಗಲೂ ಅವನು ಮಾತಾಡುವುದಿಲ್ಲ. ಆಗ ಜೋಯಿಯೇ ಮುಚ್ಚಳ ತೆಗೆದು, ಅವಳ ಹಿಂದೆ ಓಡು ಎನ್ನುತ್ತಾನೆ.

ಅದೇ ಜೋಯಿ ಎಂಟನೇ ಸೀಸನ್ನಿನಲ್ಲಿ ರೇಚಲ್‌ಗೆ ಮನಸೋಲುತ್ತಾನೆ. ಅವಳ ಹೊಟ್ಟೆಯಲ್ಲಿ ರಾಸ್‌ನ ಮಗು. ಈ ಎಳೆ ಬಹಳ ಜನಕ್ಕೆ ಹಿಡಿಸಲಿಲ್ಲ, ನನಗೂ ಮೊದಲು ಹಿಡಿಸಿರಲಿಲ್ಲ. ಈಗ ಬೇರೆ ಅನ್ನಿಸುತ್ತದೆ. ಹೋಟೆಲಿನ ಮೇಜಿಗೆ ಕೂತು ಅವನು ಹೇಳಿಕೊಂಡಾಗ ಅವಳ ಕಣ್ಣು ತುಂಬುತ್ತದೆ. ಅವಳಿಗೆ ಆ ಭಾವವಿಲ್ಲ. ಅವನು ಕಳೆದುಕೊಳ್ಳಲು ಒಪ್ಪದಿದ್ದದ್ದು ಅವಳ ಗೆಳೆತನವನ್ನು. ಮುಂದೆ ಕೆಲವು ದಿನ ಇಬ್ಬರೂ ಪ್ರೇಮಿಗಳಾಗಲು ಪ್ರಯತ್ನಿಸಿ, ಆಗದೆ ಬಿಡುತ್ತಾರೆ. ಮೋನಿಕಾ, ಚಾಂಡ್ಲರ್‌ಗೆ ಆದದ್ದು ನಮಗೇಕೆ ಆಗಲಿಲ್ಲ ಎಂದು ಕೇಳಿಕೊಂಡು, ನಮ್ಮ ಗೆಳೆತನ ಅವರದಕ್ಕಿಂತ ಗಟ್ಟಿ ಇರಬೇಕು ಎಂಬ ಸಮಾಧಾನಕ್ಕೆ ಬರುತ್ತಾರೆ. ಗೆಳೆತನವೆಂದರೆ ಪ್ರೀತಿಗೆ ಹತ್ತುವ ಮೆಟ್ಟಿಲು ಎಂದುಕೊಳ್ಳುವವರು ಈ ಮಾತಿನ ಹತ್ತಿರ ಒಂದು ನಿಮಿಷ ನಿಲ್ಲಬೇಕು.

ಈ ಆರು ಜನರ ಬಂಧ ಪರದೆಯ ಮೇಲೆ ನಿಜವಾಗಿ ಕಾಣುವುದಕ್ಕೆ ಕಾರಣವೂ ಇತ್ತು. ಮೊದಲ ಕಂತು ನಿರ್ದೇಶಿಸಿದ ಜೇಮ್ಸ್ ಬರೋಸ್, ಪ್ರಸಾರ ಶುರುವಾಗುವ ಮುನ್ನ ಆರೂ ನಟರನ್ನು ಲಾಸ್ ವೇಗಸ್‌ಗೆ ಊಟಕ್ಕೆ ಕರೆದೊಯ್ದು, ಯಾರೂ ಗುರುತಿಸದೆ ನೀವು ಹೀಗೆ ಒಟ್ಟಿಗೆ ಓಡಾಡುವುದು ಇದೇ ಕೊನೆ ಎಂದಿದ್ದರು. ಮುಂದೆ ಸಂಬಳದ ಮಾತು ಬಂದಾಗ, ಹೆಚ್ಚು ಕೇಳಬಹುದಾಗಿದ್ದ, ರಾಸ್ ಪಾತ್ರದ ಡೇವಿಡ್ ಶ್ವಿಮರ್, ಆರೂ ಜನ ಒಂದೇ ಮಾತಾಗಿ, ಒಂದೇ ಸಂಬಳ ಕೇಳೋಣ ಎಂದರು. ಕೊನೆಯ ಎರಡು ಸೀಸನ್‌ಗಳಲ್ಲಿ ಆರೂ ಜನಕ್ಕೆ ಕಂತೊಂದಕ್ಕೆ ತಲಾ 10 ಲಕ್ಷ ಡಾಲರ್ ಸಿಕ್ಕಿತು. ಧಾರಾವಾಹಿ ಮುಗಿದ ಮೇಲೆ ಜೋಯಿಯೊಬ್ಬನನ್ನೇ ಲಾಸ್ ಏಂಜಲೀಸ್‌ಗೆ ಕಳಿಸಿ ಅವನ ಹೆಸರಿನಲ್ಲೇ ಇನ್ನೊಂದು ಧಾರಾವಾಹಿ ಮಾಡಿದರು. ಅದೇ ನಟ, ಅದೇ ಪಾತ್ರ. ಎರಡು ಸೀಸನ್ನಿಗೆ, 2006ರಲ್ಲಿ, ನಿಂತುಹೋಯಿತು. ಐವರಿಲ್ಲದ ಜೋಯಿ ಜೋಯಿಯಲ್ಲ.

ಕುಂದು ಇಲ್ಲವೆನ್ನುವುದಿಲ್ಲ. ಬಗೆಬಗೆಯ ಜನ ತುಂಬಿದ ನ್ಯೂಯಾರ್ಕಿನಲ್ಲಿ ಈ ಆರೂ ಜನ ಬಿಳಿಯರು. ಅದು ತಪ್ಪೆಂದು ಮಾರ್ಟಾ ಕಾಫ್‌ಮನ್ ಅವರೇ 2022ರಲ್ಲಿ ಒಪ್ಪಿಕೊಂಡು, ತಾವು ಓದಿದ ಬ್ರಾಂಡೈಸ್ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಪೀಠಕ್ಕೆ 40 ಲಕ್ಷ ಡಾಲರ್ ಕೊಟ್ಟರು. ಅವರು ಒಪ್ಪಿಕೊಂಡದ್ದು ನನಗೆ ದೊಡ್ಡದೆನಿಸುತ್ತದೆ.

ಕೊನೆಯ ಕಂತಿನಲ್ಲಿ ರಾಸ್ ಮತ್ತು ರೇಚಲ್ ಸೇರುತ್ತಾರೆ. ಪ್ಯಾರಿಸ್ಸಿಗೆ ಹೊರಟ ಅವಳನ್ನು ತಡೆಯಲು ರಾಸ್‌ನನ್ನು ಕಾರಿನಲ್ಲಿ ಕರೆದೊಯ್ಯುವುದು ಫೀಬಿ. ತಪ್ಪು ವಿಮಾನ ನಿಲ್ದಾಣಕ್ಕೆ ಹೋಗಿ, ಸರಿಯಾದದ್ದಕ್ಕೆ ಓಡಿಸಿ, ವಿಮಾನ ಹೊರಡದಂತೆ ಒಂದು ಸುಳ್ಳನ್ನೂ ಹೇಳುತ್ತಾಳೆ. ಹತ್ತು ವರ್ಷದ ಪ್ರೇಮಕತೆ ದಡ ಸೇರಿದ್ದು ಗೆಳತಿ ಓಡಿಸಿದ ಕಾರಿನಲ್ಲಿ. ಅತ್ತ ಮೋನಿಕಾ, ಚಾಂಡ್ಲರ್ ಅವಳಿ ಮಕ್ಕಳನ್ನು ದತ್ತು ಪಡೆದು ಊರಾಚೆಯ ಮನೆಗೆ ಹೊರಟಿದ್ದಾರೆ. ಆರೂ ಜನ ತಮ್ಮ ತಮ್ಮ ಕೀಲಿಯನ್ನು ಅಡುಗೆಕಟ್ಟೆಯ ಮೇಲಿಡುತ್ತಾರೆ. ಆ ಮನೆಯ ಕೀಲಿ ಆರೂ ಜನರ ಹತ್ತಿರ ಇತ್ತು ಎಂಬುದು, ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ. ಕಡೆಗೆ ಕ್ಯಾಮೆರಾ ಖಾಲಿ ಮನೆಯನ್ನು ಸುತ್ತಿ ಬಂದು, ಬಾಗಿಲ ಒಳಮೈಯಲ್ಲಿ ತೂಗುಹಾಕಿದ ಹಳದಿ ಚೌಕಟ್ಟಿನ ಮೇಲೆ ನಿಲ್ಲುತ್ತದೆ.

ನಾವು ಆ ಮನೆ ಬಿಟ್ಟದ್ದು 2008ರಲ್ಲಿ. ಧಾರವಾಡದವಳು ಈಗ ಹುಬ್ಬಳ್ಳಿಯಲ್ಲಿದ್ದಾಳೆ, ಇಬ್ಬರು ಮಕ್ಕಳು. ಕುಂದಾಪುರದವನು ದುಬೈಗೆ ಹೋಗಿ ಸಂಸಾರ ಕಟ್ಟಿಕೊಂಡಿದ್ದಾನೆ. ನಮ್ಮ ವಾಟ್ಸಾಪ್ ಗುಂಪುಗಳು ಎರಡು. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವನು, ಎರಡರಲ್ಲೂ ನಾವು ನಾಲ್ವರು. 2023ರ ಅಕ್ಟೋಬರ್ 29, ಭಾನುವಾರ ಬೆಳಿಗ್ಗೆ, ಚಾಂಡ್ಲರ್ ಪಾತ್ರದ ಮ್ಯಾಥ್ಯೂ ಪೆರಿ ತೀರಿಕೊಂಡ ಸುದ್ದಿ ಬಂತು. ಎರಡೂ ಗುಂಪಿನಲ್ಲಿ ಹತ್ತು ನಿಮಿಷದ ಅಂತರದಲ್ಲಿ ಒಂದೇ ಮಾತು ಬಿತ್ತು: "ನಮ್ಮ ಮನೆ ನೆನಪಾಯ್ತು." ಒಂದು ಹುಬ್ಬಳ್ಳಿಯಿಂದ, ಒಂದು ದುಬೈಯಿಂದ. ಆ ಗುಂಪಿನದನ್ನು ಈ ಗುಂಪಿಗೆ ನಾನು ಕಳಿಸಲಿಲ್ಲ. ಹಾಗೆ ಮಾಡಲು ನನಗೆ ಅಧಿಕಾರವಿಲ್ಲ ಎನ್ನಿಸಿತು.

ಧಾರವಾಡದವಳೇ, ಕುಂದಾಪುರದವನೇ, ನಾನು ಬರೆದದ್ದನ್ನು ನೀವಿಬ್ಬರೂ ಓದುತ್ತೀರಿ ಎಂದು ಗೊತ್ತು. ನಿಮ್ಮ ಮೇಲೆ ನಮಗೆ ಕೋಪವಿಲ್ಲ, ಆಗಲೂ ಇರಲಿಲ್ಲ. ಬರುವ ಬೇಸಿಗೆ ರಜೆಯಲ್ಲಿ ನಾವು ನಾಲ್ವರು ಸಾಗರದ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ಅಮ್ಮನಿಗೆ ಈಗ ಎಪ್ಪತ್ತೆರಡು, ನಿಮ್ಮಿಬ್ಬರನ್ನೂ ಕೇಳುತ್ತಿರುತ್ತಾಳೆ. ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಇಬ್ಬರೂ ಬನ್ನಿ.